ಡೆಕಥ್ಲಾನಿನ ಮೂರನೇ ತಪ್ಪು

ತೊಂಬತ್ತರ ದಶಕದ ಒಂದು ಚಳಿಗಾಲ. ಶಿವಾಜಿನಗರದ ಮೈದಾನದ ಮೇಲೆ ಬೆಳಗಿನ ಮಂಜು ಹಾಲಿನ ಕೆನೆಯಂತೆ ತೆಳ್ಳಗೆ ಹರಡಿತ್ತು. ಹತ್ತು ಸ್ಪರ್ಧೆಗಳ ಡೆಕಥ್ಲಾನಿನ ಎರಡನೇ ದಿನ. ಅಂಕಗಳಲ್ಲಿ ಖಡಕಿಯ ತರುಣನೊಬ್ಬ ಮುಂದಿದ್ದ, ಅವನ ಹಿಂದೆಯೇ ನನ್ನ ಮಗ. ಹರ್ಡಲ್ಸ್ ಓಟದಲ್ಲಿ ಆ ತರುಣ ಗುಂಡಿನ ಸದ್ದಿಗಿಂತ ಮೊದಲೇ ಎರಡು ಸಲ ಓಡಿಬಿಟ್ಟ. ಗುಂಡು ಹಾರಿಸಿ ಓಟ ಶುರು ಮಾಡುವ ಸ್ಟಾರ್ಟರ್ ಅವನನ್ನು ಹೊರಗೆ ಕಳಿಸಿದರು. ಆ ಓಟಕ್ಕೆ ಅವನಿಗೆ ಸೊನ್ನೆ ಬಿದ್ದರೆ ಮೊದಲ ಸ್ಥಾನ ನನ್ನ ಮಗನದೇ. ತಲೆ ತಗ್ಗಿಸಿ ಆ ತರುಣ ಮಂಜಿನೊಳಗೆ ನಡೆದ, ಕನಸಿನಲ್ಲಿ ಕಂಡವರು ಕರಗಿಹೋಗುವ ಹಾಗೆ.

ನನ್ನ ವಹಿಯಲ್ಲಿ ಮಗನ ಒಂದೊಂದು ಜಿಗಿತದ ಜೊತೆಗೆ ನಿಯಮಗಳನ್ನೂ ಬರೆದಿಟ್ಟಿದ್ದೆ. ಅದನ್ನು ಹಿಡಿದು ಟ್ರ್ಯಾಕಿಗೆ ಇಳಿದೆ. ಸ್ಟಾರ್ಟರ್ ನಮ್ಮ ಕಡೆಯವರೇ, ಧಾರವಾಡದವರು; ವಹಿ ತೆರೆದು ಅವರ ಮುಂದೆ ಹಿಡಿದೆ.

“ಸರ್, ಬ್ಯಾರೆ ಓಟಕ್ಕ ಎರಡು ತಪ್ಪಿಗೆ ಹೊರಗ. ಡೆಕಥ್ಲಾನಿಗೆ ಮೂರು ರೀ. ಓದ್ರಿ.”

ಓದಿದರು. “ಖರೇ ಅದ ರೀ. ಅಂವ ನಿಮ್ಮ ಮಗಾ ಏನ್ರಿ?”

“ಅಲ್ಲ. ನನ್ನ ಮಗಾ ಎರಡನೇ ಸ್ಥಾನದಾಂವ.”

ಅವರು ನನ್ನನ್ನೇ ನೋಡುತ್ತ ತರುಣನನ್ನು ಕೂಗಿ ಕರೆದರು. ಸಂಜೆ ಗೆದ್ದವನೂ ಅವನೇ. ಕೋಥರೂಡದ ಮನೆಗೆ ಹೋಗುವ ಬಸ್ಸಿನಲ್ಲಿ ಮಗ ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತ.

ವರ್ಷಗಳ ನಂತರ ಆ ಮೂರನೇ ಅವಕಾಶವನ್ನು ತೆಗೆದುಹಾಕಿದರು. ಹೊಸ ನಿಯಮವನ್ನು ವಹಿಗೆ ಇಳಿಸುತ್ತಿದ್ದಾಗ ಮಗ ಹಿಂದಿನಿಂದ ಇಣುಕಿದ.

“ಅವ್ವಾ, ಇದನ್ನ ಸ್ವಲ್ಪ ಲಗೂನ ಬರೀಬೇಕಾಗಿತ್ತು.”