ತಿರುಗುವ ಗಾಲಿಗೆ ಪಟ್ಟಾ

ನಮ್ಮ ಅತ್ತೆ ಬಸವಂತಮ್ಮನವರ ಬಲಗೈಯನ್ನು ನಾನು ದಿನಕ್ಕೆ ಎಷ್ಟು ಸಲ ನೋಡುತ್ತೇನೋ ನನಗೇ ಗೊತ್ತಿಲ್ಲ. ಅಂಗೈಯಲ್ಲಿ ನೆಲ್ಲು ತಿಕ್ಕಿ, ಊದಿ, ಅಕ್ಕಿಯ ಗುಣ ಹೇಳುವಾಗ, ನನ್ನ ಕೂಸಿಗೆ ಹಾಲನ್ನ ಕಲಸಿ ಉಣಿಸುವಾಗ, ಬೆರಳುಗಳೆಲ್ಲ ಇವೆಯಲ್ಲ ಎಂದು ಕಣ್ಣು ತಾನೇ ಹೋಗಿ ನೋಡಿ ಬರುತ್ತದೆ. ರಾಯಚೂರಿನಲ್ಲಿ ಓದಿ ಬೆಳೆದ ನಾನು ಮಾನ್ವಿಯ ಈ ಅಕ್ಕಿ ಗಿರಣಿಯ ಮನೆಗೆ ಬಂದ ಮೇಲೆ ಅಂಟಿಕೊಂಡ ಭಯ ಇದು.

ಗಿರಣಿ ಹಿತ್ತಲಿನಲ್ಲೇ ಇದೆ. ಬೆಳಿಗ್ಗೆ ಇಂಜಿನ್ ಶುರುವಾದ ಮೇಲೆ ಅದರ ಗಾಲಿಗೆ ಉದ್ದನೆಯ ಪಟ್ಟಾ, ಅಂದರೆ ಬೆಲ್ಟು, ಏರಿಸಬೇಕು. ಇಂಜಿನ್ ನಿಲ್ಲಿಸಿಯೂ ಏರಿಸಬಹುದು, ಆದರೆ ಆ ಭಾರದ ಗಾಲಿಯನ್ನು ಕೈಯಿಂದ ತಿರುಗಿಸಲು ಹಮಾಲರೆಲ್ಲ ಕೂಡಬೇಕು, ಹೊತ್ತು ಹಿಡಿಯುತ್ತದೆ. ಹಾಗಾಗಿ ಓಡುವ ಗಾಲಿಗೇ ಬಿದಿರಿನ ಬಡಿಗೆಯಿಂದ ಒತ್ತಿ ಏರಿಸುವುದು ರೂಢಿ. ಮಾವ ತೀರಿಕೊಂಡ ವರ್ಷ ಹಮಾಲಿ ಅಯ್ಯಣ್ಣನ ಕೈ ಅದರಲ್ಲಿ ಸಿಕ್ಕು ಮೊಣಕೈವರೆಗೆ ಹೋಯಿತು. ಅತ್ತೆ ಅವನನ್ನು ಗೇಟಿನ ಕಾವಲಿಗೆ ಇಟ್ಟುಕೊಂಡರು. ಅಂದಿನಿಂದ ಆ ಬಡಿಗೆಯನ್ನು ಬೇರೆ ಯಾರ ಕೈಗೂ ಕೊಟ್ಟಿಲ್ಲ.

"ದುಡಿಯೋರ ಕೈ ಹೋದ್ರ ಅವರ ಮನಿ ಹೋಗ್ತದ. ನಂದು ಹೋದ್ರ ನಂದೊಂದ ಹೋಗ್ತದ," ಎನ್ನುತ್ತಾರೆ, ಸೆರಗನ್ನು ಸೊಂಟಕ್ಕೆ ಸಿಗಿಸುತ್ತ.

ಹೋದ ತಿಂಗಳು ಕೂಸಿಗೆ ಕೆಮ್ಮು ಹತ್ತಿತು. ನಮ್ಮ ಮನೆಯವರು ನೆಲ್ಲು ಖರೀದಿಗೆ ದೇವದುರ್ಗಕ್ಕೆ ಹೋಗಿದ್ದರು. ಕೂಸನ್ನು ರಾಯಚೂರಿನ ಡಾಕ್ಟರಿಗೆ ತೋರಿಸಲೇಬೇಕು, ಬಸ್ಸಿನ ಧೂಳಿನಲ್ಲಿ ಮಾತ್ರ ಒಯ್ಯುವುದಿಲ್ಲ ಎಂದು ನಾನು ಅತ್ತುಕೊಂಡು ಕೂತೆ. ಅಂಗಳದಲ್ಲಿ ಅಂಬಾಸಡರ್ ಇತ್ತು, ಆದರೆ ಅದರ ಫ್ಯಾನ್ ಬೆಲ್ಟು ಹಿಂದಿನ ದಿನವೇ ಹರಿದಿತ್ತು. ಡ್ರೈವರ್ ಮಲಂಗಸಾಬ ಮೊದಲ ಬಸ್ಸಿಗೆ ಹೋಗಿ ಹೊಸದನ್ನು ತಂದಿದ್ದ.

"ಸಾಲಿ ಕಲ್ತಾಕಿ ನೋಡು. ಕೂಸು ಸೀನಿದ್ರೂ ರಾಯಚೂರು, ಆಕಳಿಸಿದ್ರೂ ರಾಯಚೂರು," ಎಂದು ಅತ್ತೆ ನನ್ನನ್ನು ಬೈಯುತ್ತಲೇ ಅಂಗಳಕ್ಕೆ ಇಳಿದರು. "ಲಗೂನ ಹಾಕಲೇ ಮಲಂಗ್ಯಾ, ಡಾಕ್ಟರ್ ಎದ್ದು ಹೋಗ್ತಾನ."

ಅವನು ಬಾನೆಟ್ಟಿನೊಳಗಿಂದ ತಲೆ ಎತ್ತಿದ. "ಡೈನಮೊ ಸಡ್ಲ ಮಾಡಿದ್ರನ ಪಟ್ಟಾ ಒಳಗ ಹೋಗ್ತದ್ರಿ ಅವ್ವಾರ. ನಟ್ಟು ತುಕ್ಕು ಹಿಡದು ಕುಂತದ. ಚಿಮಣಿ ಎಣ್ಣಿ ಹಾಕೀನಿ, ನೆನಿಲಿ. ಸಂಜಿಮಟ ತಡೀರಿ."

"ಸಂಜಿಮಟ ಯಾಕ? ಚಾಲೂ ಮಾಡು. ಮ್ಯಾಲಿನ ಎರಡು ಗಾಲಿಗೆ ಸಿಗಿಸಿ, ತಿರುಗೋ ಕೆಳಗಿನದಕ್ಕ ನಾ ಒತ್ತತೀನಿ. ಗಿರಣಿ ಪಟ್ಟಾ ಏರಸಾಕಿ ನಾ. ಇದೇನು, ಹುಡುಗರ ಉಡದಾರ!"

"ಅಲ್ಲಾ ಕಸಂ, ಇದು ಗಿರಣಿ ಅಲ್ರಿ. ಕೈ ಆಡಾಕ ಜಾಗಾನ ಇಲ್ಲ."

"ನಿನ್ನ ಕೈ ಯಾರು ಕೇಳ್ಯಾರ? ಹೋಗಿ ಚಾವಿ ತಿರುವು."

ಆ ದನಿಗೆ ಎದುರಾಡುವವರು ನಮ್ಮ ಮನೆಯಲ್ಲಿಲ್ಲ. ಅವನು ಹೋಗಿ ಕೂತ. ಇಂಜಿನ್ ಗುಡುಗಿತು. ಕೆಳಗಿನ ಗಾಲಿ ಮಾತ್ರ ತಿರುಗುತ್ತಿತ್ತು, ಮೇಲೆ ಫ್ಯಾನು ಸುಮ್ಮನೆ ನಿಂತಿತ್ತು. ಬೆಲ್ಟು ಕೆಳಗೆ ಕಚ್ಚಿಕೊಂಡ ಕ್ಷಣವೇ ಅದರ ರೆಕ್ಕೆಗಳು ಗರ್ರನೆ ತಿರುಗುತ್ತವೆ, ಅತ್ತೆಯ ಕೈ ಅವುಗಳ ಪಕ್ಕದಲ್ಲೇ ಇರುತ್ತದೆ. ನನಗೆ ಯಂತ್ರದ ಗಂಧವಿಲ್ಲ, ಆದರೆ ಅಷ್ಟು ತಿಳಿಯಿತು.

ಅತ್ತೆ ಮೇಲಿನ ಗಾಲಿಗಳಿಗೆ ಬೆಲ್ಟು ಸಿಗಿಸಿ, ಅಂಗಳದಲ್ಲಿ ಬಿದ್ದಿದ್ದ ಒಂದು ಬಡಿಗೆಯಿಂದ ಅದನ್ನು ಕೆಳಗಿನದಕ್ಕೆ ಒತ್ತಿದರು. ಅದು ಹಾವಿನಂತೆ ಜಿಗಿಯಿತು. ಬಡಿಗೆ ಚಟ್ಟೆಂದು ಮುರಿದು, ತುಂಡು ನನ್ನ ಕಾಲ ಬಳಿ ಬಂದು ಬಿತ್ತು.

"ಬಡಿಗಿ ದಪ್ಪಾತು," ಎಂದರು ಅತ್ತೆ. "ಕೈಲೇನ ಹಾಕ್ತೀನಿ."

"ಅತ್ತೀ, ಬ್ಯಾಡ್ರಿ! ಕೂಸು ಆರಾಮದ ರೀ, ರಾಯಚೂರು ಬ್ಯಾಡ್ರಿ!" ಎಂದು ಕೂಗಿದೆ. ಅದೇ ಹೊತ್ತಿಗೆ ಕೂಸು ಕೆಮ್ಮಿತು. ಅತ್ತೆ ನನ್ನತ್ತ ತಿರುಗಲೂ ಇಲ್ಲ, ಬೆಲ್ಟು ಹಿಡಿದು ಬಗ್ಗಿದರು.

ಕೂಸನ್ನು ಹೊರಸಿನ ಮೇಲೆ ಕೂಡಿಸಿ ಓಡಿದೆ. ಅವರ ತೋಳು ಹಿಡಿದು ಎಳೆಯಲು ಧೈರ್ಯ ಬರಲಿಲ್ಲ. ಎಳೆದಾಗಲೇ ಜಾರಿ ಮುಂದಕ್ಕೆ ಬಿದ್ದರೆ? ಏನು ತೋಚಿತೋ, ನಿಂತ ಫ್ಯಾನಿನ ರೆಕ್ಕೆಗಳ ನಡುವೆ ನನ್ನ ಕೈಯನ್ನೇ ಇಟ್ಟೆ. ಬಳೆಗಳು ತಗಡಿಗೆ ಬಡಿದವು.

"ಕೈ ತಗಿ! ಹುಚ್ಚಿ, ಕೈ ತಗಿ!"

"ನೀವು ತಗೀರಿ. ಪಟ್ಟಾ ಏರಿದ್ರ ನನ್ನ ಕೈ ಹೋಗ್ತದ."

ಅತ್ತೆ ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡಿದರು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಬಂದ್ ಮಾಡಲೇ! ಮಲಂಗ್ಯಾ, ಬಂದ್ ಮಾಡು! ಚಾವಿ ಹೊರಗ ಒಗಿ!"

ಸಂಜೆಗೆ ನಟ್ಟು ಬಿಟ್ಟುಕೊಂಡಿತು. ಮಲಂಗಸಾಬ ಡೈನಮೊವನ್ನು ಒಳಕ್ಕೆ ದಬ್ಬಿ, ಬೆಲ್ಟನ್ನು ಒಂದೊಂದೇ ರೆಕ್ಕೆ ದಾಟಿಸಿ ಗಾಲಿಗಳಿಗೆ ಹಾಕಿದ. ಆಮೇಲೆ ಡೈನಮೊವನ್ನು ಕಟ್ಟಿಗೆಯಿಂದ ಮೀಟಿ ಹಿಡಿದು ನಟ್ಟು ಬಿಗಿದ. ಅಷ್ಟು ಹೊತ್ತೂ ಚಾವಿ ಅತ್ತೆಯ ಸೊಂಟದಲ್ಲಿತ್ತು. ಅವರು ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಸಡ್ಲ ಅದಲ್ಲೋ?"

"ಇಷ್ಟು ಬೇಕ್ರಿ ಅವ್ವಾರ. ಭಾಳ ಬಿಗದ್ರ ಹರಿತದ."

"ನಮ್ಮ ಸೊಸಿ ಹಂಗ ಅನ್ನು," ಎಂದು ಒಳಗೆ ನಡೆದರು.

ಮರುದಿನ ಬೆಳಿಗ್ಗೆ ರಾಯಚೂರಿಗೆ ಹೊರಡಲು ಕೂಸಿಗೆ ಅಂಗಿ ತೊಡಿಸುತ್ತಿದ್ದೆ. ಹಿತ್ತಲಲ್ಲಿ ಇಂಜಿನ್ ಶುರುವಾಯಿತು. ಎಂದಿನಂತೆ ಉಸಿರು ಹಿಡಿದೆ. ಪಟ್ಟಾ ಏರಿದರೆ ಇಂಜಿನ್ನಿನ ಸದ್ದು ಭಾರವಾಗುತ್ತದೆ; ಅದು ಕೇಳಿದ ಮೇಲೆಯೇ ನನಗೆ ಜೀವ ಬರುವುದು. ಅಂದು ಸದ್ದು ಭಾರವಾಗಲಿಲ್ಲ. ಒಮ್ಮೆಲೇ ನಿಂತುಹೋಯಿತು.

ಅಯ್ಯಣ್ಣನ ಕೈ ಹೋದ ದಿನವೂ ಹೀಗೇ ನಿಲ್ಲಿಸಿದ್ದರಂತೆ. ಅಂಗಿಯ ಒಂದೇ ತೋಳು ಹಾಕಿದ್ದ ಕೂಸನ್ನು ಎತ್ತಿಕೊಂಡು ಬರಿಗಾಲಲ್ಲಿ ಓಡಿದೆ.

ಹಮಾಲರೆಲ್ಲ ನಿಂತ ಗಾಲಿಗೆ ಜೋತುಬಿದ್ದು ಅದನ್ನು ಕೈಯಿಂದ ತಿರುಗಿಸುತ್ತಿದ್ದರು. ಅಯ್ಯಣ್ಣನೂ ಗೇಟು ಬಿಟ್ಟು ಬಂದು ಹೆಗಲು ಕೊಟ್ಟಿದ್ದ. "ಅವ್ವಾರು ಬಡಿಗಿ ಎತ್ತಿದ್ರು, ಆಮ್ಯಾಲ ತಾವ ಬಂದ್ ಮಾಡಂದ್ರು," ಎಂದ ನನಗೆ ಮೆಲ್ಲಗೆ. ಪಕ್ಕದಲ್ಲಿ ಅತ್ತೆ ಪಟ್ಟಾ ಹಿಡಿದು, "ಇನ್ನೊಂದೀಟು, ಇನ್ನೊಂದೀಟು," ಎನ್ನುತ್ತಿದ್ದರು.

ನಾನು ಮೊದಲು ಅವರ ಕೈ ನೋಡಿದೆ.

"ಏನ್ ನೋಡ್ತಿ ನಿಂತು?" ಎಂದರು, ನನ್ನತ್ತ ತಿರುಗದೆ. "ಕೂಸಿನ ಇನ್ನೊಂದು ತೋಳು ಹಾಕು. ಥಂಡಿ ಅದ."