ಶಿವಾರಪಟ್ಟಣದಲ್ಲಿ ನಾನು ಔಟಾದೆ

ತಾಲ್ಲೂಕಿನ ಯಾವ ಮೈದಾನದಲ್ಲಿ ಹಿಂದೆ ಎಷ್ಟು ಜನ ಆಡುತ್ತಿದ್ದರು, ಈಗ ಎಷ್ಟು ಜನ ಆಡುತ್ತಾರೆ ಅಂತ ಬರೆದುಕೊಂಡು ಬರೋದು ನನ್ನ ಕೆಲಸ. ಶಿವಾರಪಟ್ಟಣದ ಕಬಡ್ಡಿ ಅಂಗಳಕ್ಕೆ ಹೋದರೆ ಅದರ ತುಂಬಾ ಅರ್ಧ ಕೆತ್ತಿದ ವಿಗ್ರಹಗಳು ನಿಂತಿದ್ದವು. ನಡುವೆ ವಯಸ್ಸಾದ ಶಿಲ್ಪಿಯೊಬ್ಬರು ಉಳಿ ಹಿಡಿದು ಕೂತಿದ್ದರು.

"ಆಗ ಎರಡು ತಂಡ ಆಡ್ತಿದ್ರೆ ಇನ್ನೆರಡು ತಂಡ ಕಾಯ್ತಿತ್ತು ಸರ್. ಈಗ ಎಲ್ಲಾ ಫೋನಲ್ಲೇ ಕಬಡ್ಡಿ ನೋಡ್ತಾರೆ."

"ಇವತ್ತು ಇಬ್ಬರಾದರೂ ಆಡಿಲ್ಲ ಅಂದ್ರೆ ಅಂಗಳದ ಹೆಸರು ಪಟ್ಟಿಯಿಂದ ಹೋಗುತ್ತೆ," ಅಂದೆ.

ಅವರು ಉಳಿ ಕೆಳಗಿಟ್ಟು ಪಂಚೆ ಎತ್ತಿ ಕಟ್ಟಿದರು. "ಶೂ ಬಿಚ್ಚಿ ಬನ್ನಿ."

ಕಬಡ್ಡಿ ಕಬಡ್ಡಿ ಅನ್ನುತ್ತಾ ನುಗ್ಗಿದೆ. ಅವರಿಂದ ತಪ್ಪಿಸಿಕೊಳ್ಳಲು ಹೋಗಿ ಅರ್ಧ ಕೆತ್ತಿದ ಆಂಜನೇಯನ ವಿಗ್ರಹಕ್ಕೆ ಕಾಲು ತಗುಲಿತು. ಗಾಬರಿಯಿಂದ ಕೈಮುಗಿದು, "ತಪ್ಪಾಯ್ತಪ್ಪಾ ಸ್ವಾಮಿ," ಅಂದೆ.

"ಕಣ್ಣು ತೆರೆಸೋವರೆಗೂ ಅದು ಬರೀ ಕಲ್ಲು ಸರ್, ದೋಷ ಇಲ್ಲ," ಅಂದರು ಅವರು. "ಆದ್ರೆ ಕಬಡ್ಡಿ ಅನ್ನೋದು ನಿಲ್ಲಿಸಿಬಿಟ್ರಿ. ನೀವು ಔಟ್."

ಈಗ ಆಡುವವರು ಇಬ್ಬರು ಅಂತ ಬರೆದೆ. ಅವರಲ್ಲೊಬ್ಬ ಔಟಾಗಿ ಕೋಲಾರದ ಬಸ್ಸು ಹತ್ತಿದ ಅಂತ ಬರೆಯೋಕೆ ನಮೂನೆಯಲ್ಲಿ ಜಾಗ ಇರಲಿಲ್ಲ.