ನಮ್ಮ ಬಾಡಿಗೆಯವಳ ಕಾರು

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಅಮೂಲ್ಯಾ ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾಳೆ. ಗಂಡನಿಲ್ಲ, ಇರುವುದು ಒಬ್ಬಳೇ ಮಗಳು. ಬದನೆಕಾಯಿ ಕೊಳ್ಳುವಾಗಲೂ ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡುವ ಹೆಂಗಸು. ಬೇಗೂರಿನಲ್ಲಿ ಮೂರಂತಸ್ತಿನ ಸ್ವಂತ ಮನೆಯಿರುವ ನಾವೇ ಸ್ಕೂಟರಿನಲ್ಲಿ ಓಡಾಡುವಾಗ ಇವಳು ಕಾರು ಬುಕ್ ಮಾಡಿದಳೆಂದು ಕೇಳಿ ನನಗೆ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ.

ಮೂರು ದಿನ ಯಜಮಾನರ ತಲೆ ತಿಂದು, ಅದೇ ಶೋರೂಮಿನಲ್ಲಿ ಅದೇ ಕಾರು, ಅವಳದಕ್ಕಿಂತ ಮೇಲಿನ ಮಾಡೆಲ್, ಬುಕ್ ಮಾಡಿಸಿದೆ. ಡೆಲಿವರಿಯೂ ಅವಳ ಕಾರಿನ ದಿನವೇ, ಶುಕ್ರವಾರ. ಹತ್ತೂವರೆಗೆ ರಾಹುಕಾಲ ಶುರು.

"ಅಷ್ಟರೊಳಗೆ ಸೈನ್ ಹಾಕ್ಬಿಡಿ ಸಾರ್, ಮಿಕ್ಕಿದ್ದು ನಾವು ತುಂಬ್ಕೋತೀವಿ," ಅಂದ ಶೋರೂಮಿನವನು.

ಯಜಮಾನರು ಶೋರೂಮಿನವರೇ ಕೊಡಿಸಿದ ಸಾಲದ ಖಾಲಿ ಫಾರಂಗಳಿಗೂ ಸಹಿ ಹಾಕಿದರು. ಹತ್ತು ಇಪ್ಪತ್ತಕ್ಕೆ ಚಕ್ರದಡಿ ನಿಂಬೆಹಣ್ಣಿಟ್ಟು ಹೊರಟೆವು.

ನಾವು ಹೊರಡುವಾಗ ಅಮೂಲ್ಯಾ ಇನ್ನೂ ಒಳಗೆ ಕೂತು ಫಾರಂಗಳನ್ನು ಓದುತ್ತಿದ್ದಳು. ಸಾಲವನ್ನು ಮೊದಲೇ ತನ್ನ ಬ್ಯಾಂಕಿನಲ್ಲಿ ಮಂಜೂರು ಮಾಡಿಸಿಕೊಂಡು ಬಂದಿದ್ದಳಂತೆ. "ಈ ಇನ್ಶೂರೆನ್ಸ್ ನಾನು ಕೇಳಿಲ್ಲ, ತೆಗೀರಿ. ಒಟ್ಟು ಎಷ್ಟಾಗುತ್ತೆ ಬರ್ದು ಕೊಡಿ," ಅನ್ನುತ್ತಿದ್ದಳು. ರಾಹುಕಾಲದಲ್ಲೇ ಸಹಿ ಹಾಕುತ್ತಾಳೆಂದು ನನಗೆ ಒಳಗೊಳಗೇ ಖುಷಿ.

ತಿಂಗಳಾದ ಮೇಲೆ ಕಂತಿನ ಮೆಸೇಜು ಬಂತು: ಹದಿನೇಳು ಸಾವಿರ, ಏಳು ವರ್ಷ. ಯಜಮಾನರು ಹದಿಮೂರು ಅಂದುಕೊಂಡಿದ್ದರು. ಕಾಗದ ಹಿಡಿದು ಅಮೂಲ್ಯಾಳ ಹತ್ತಿರವೇ ಹೋದರು. ನಾನೂ ಹಿಂದೆ ಹೋದೆ.

"ಅಣ್ಣ, ಸೀಟ್ ಕವರು, ಎಕ್ಸ್‌ಟ್ರಾ ವಾರಂಟಿ, ಕೇಳದೇ ಇರೋ ಇನ್ಶೂರೆನ್ಸು, ಎಲ್ಲಾ ಸಾಲಕ್ಕೇ ಸೇರಿಸ್ಬಿಟ್ಟಿದ್ದಾರೆ. ಬಡ್ಡೀನೂ ನಂದಕ್ಕಿಂತ ಜಾಸ್ತಿ," ಅಂದಳು.

ಅವಳ ಸಾಲ ನಾಲ್ಕೇ ವರ್ಷಕ್ಕೆ ಮುಗಿಯುತ್ತದೆ. ಅವಳು ಹಂಗಿಸಿದ್ದರೆ ಸಹಿಸುತ್ತಿದ್ದೆ, ಮೆತ್ತಗೆ ಹೇಳಿದ್ದು ಮೈಯೆಲ್ಲ ಉರಿಸಿತು. ಕೆಳಗೆ ಬಂದು, ದಿನಾ ಅವಳ ಕಾರು ಗೇಟು ದಾಟುವುದನ್ನು ನೋಡಲಾರೆ, ಮನೆ ಖಾಲಿ ಮಾಡಿಸಿ ಎಂದೆ.

ಯಜಮಾನರು ಲೆಕ್ಕ ಬಿಡಿಸಿ ಹೇಳಿದರು. ಮಿಕ್ಕ ಮನೆಗಳ ಬಾಡಿಗೆಯೆಲ್ಲ ಮನೆ ಕಟ್ಟಿದ ಸಾಲಕ್ಕೆ ಹೋಗುತ್ತದೆ. ಇನ್ನು ಕಾರಿನ ಕಂತು ಕಟ್ಟುವುದು ಅಮೂಲ್ಯಾ ಕೊಡುವ ಬಾಡಿಗೆಯಿಂದಲೇ. ಅವಳು ಹೋದರೆ ಕಾರೂ ಹೋಗುತ್ತದೆ.

ಆದರೂ ತಡೆಯಲಾರದೆ, ಅಂದೇ ಬಿಡೋಣವೆಂದು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದು "ಏನಕ್ಕಾ?" ಅಂದಳು.

"ಏನಿಲ್ಲ ಕಣಮ್ಮ, ನೀರು ಸರಿಯಾಗಿ ಬರ್ತಿದ್ಯಾ ಅಂತ ಕೇಳೋಕ್ ಬಂದೆ," ಎಂದೆ.